ಮೊಲದ ಬಾಲದ ಹತ್ತಿ

ಏ ಸಾಕ್ಷಿ, ಸಾಕು ಮಾಡೇ ತಾಯಿ. ಕಾಗದದ ಮೊಲಕ್ಕೆ ಮೊಳದುದ್ದ ಹತ್ತಿಯ ಬಾಲ ಅಂಟಿಸಿದರೆ ಅದನ್ನು ಮೊಲ ಅಂತ ಯಾರು ನಂಬುತ್ತಾರೆ? ನಿಮ್ಮ ಟೀಚರ್ ಚಳಿಗಾಲದ ಪ್ರಾಣಿ ಮಾಡಿ ಅಂದರೆ ನೀನು ಹತ್ತಿಯ ಹಗ್ಗ ಮಾಡಿದ್ದೀಯಲ್ಲ. ಗೋಂದಿನ ಡಬ್ಬಿ ಮುಚ್ಚಿಡು. ಅಂಗನವಾಡಿಯ ಮಕ್ಕಳೆಲ್ಲ ಇಲ್ಲಿ ಬಿಸಿಲಿಗೆ ಬಂದು ಕೂರಿ. ಮೊಲದ ಬಾಲ ಯಾಕೆ ಗಿಡ್ಡ ಅಂತ ಈ ನಿಂಬೆವ್ವಜ್ಜಿ ಹೇಳುತ್ತಾಳೆ.

ಭೂಮಿ ಹೊಚ್ಚ ಹೊಸದಾಗಿತ್ತು, ಬೆಟ್ಟದ ಮಣ್ಣು ಕೂಡ ಇನ್ನೂ ಆರಿರಲಿಲ್ಲ. ಆಗ ಮೊಟ್ಟಮೊದಲ ಚಳಿಗಾಲ ಬಂತು. ಪ್ರಾಣಿಗಳಿಗೆ ಮೈಮೇಲೇನೋ ಕೂದಲಿತ್ತು, ಬಾಲಗಳು ಮಾತ್ರ ಬೋಳು. ಎಲ್ಲರ ಬಾಲವೂ ಗಡಗಡ ನಡುಗಿತು. ಮೊಲದ ಬಾಲವೇ ಎಲ್ಲಕ್ಕಿಂತ ಉದ್ದ, ಹಾಗಾಗಿ ಅದಕ್ಕೆ ಚಳಿಯೂ ಜಾಸ್ತಿ. ಪಾಪ, ರಾತ್ರಿಯಿಡೀ ನಿದ್ದೆಯಿಲ್ಲ.

ಹತ್ತಿಗಿಡಕ್ಕೆ ಕರುಳು ಚುರ್ ಅಂದಿತು.

"ಬನ್ರಪ್ಪಾ, ಸಾಲಾಗಿ ನಿಲ್ಲಿ. ಜಾಲಿಮರ ಅಂಟು ಕೊಡುತ್ತದೆ, ನಾನು ಹತ್ತಿ ಹಚ್ಚುತ್ತೇನೆ. ಸರದಿ ಬಂದ ಮೇಲೆ ಅಂಟು ಸವರಿಕೊಳ್ಳಿ, ಮೊದಲೇ ಬೇಡ," ಅಂದಿತು.

ಹಸು ಬಂತು. ಗಿಡ ಅದರ ಬಾಲದ ತುದಿಗೊಂದು ಕುಚ್ಚು ಹಚ್ಚಿತು. ಅಳಿಲು ಬಂತು. ಅದರ ಬಾಲಕ್ಕೆ ಉದ್ದಕ್ಕೂ ಹಚ್ಚಿತು. ಇಲಿ ಎಷ್ಟು ಕರೆದರೂ ಬಿಲ ಬಿಟ್ಟು ಬರಲಿಲ್ಲ. ಅದರ ಬಾಲ ಈಗಲೂ ಹೇಗಿದೆ ಅಂತ ನೀವೇ ನೋಡಿದ್ದೀರಲ್ಲ.

ಮೊಲಕ್ಕೆ ತಾಳ್ಮೆ ಎಲ್ಲಿಯದು? ಸರದಿ ದೂರ ಇರುವಾಗಲೇ ಬಾಲದ ತುಂಬ ಅಂಟು ಮೆತ್ತಿಕೊಂಡಿತು. ನಿಂತು ನಿಂತು ಕಾಲು ನೋವು ಬಂದು ಬಂಡೆಯ ಮೇಲೆ ಕೂತಿತು. ಗಾಳಿ ಬೀಸಿತು, ಅಂಟು ಒಣಗಿತು, ಬಾಲ ಬಂಡೆಗೆ ಗಟ್ಟಿಯಾಗಿ ಅಂಟಿಕೊಂಡಿತು.

"ಗಾಳಿಯಣ್ಣಾ, ಸ್ವಲ್ಪ ನಿಲ್ಲೋ, ನೀನು ಬೀಸಿದಷ್ಟೂ ಅಂಟು ಬಿಗಿಯುತ್ತಿದೆ," ಅಂತ ಬೇಡಿತು ಮೊಲ.

"ಬೀಸುವುದೇ ನನ್ನ ಕೆಲಸ ಮರೀ. ನೀನು ಮೊದಲು ಹಿಂದೆ ನೋಡು, ತೋಳ ಬರುತ್ತಿದೆ," ಅಂದಿತು ಗಾಳಿ.

ಮೊಲ ತಿರುಗಿ ನೋಡಿತು. ಬಾಲ ಬೇಕೋ, ಜೀವ ಬೇಕೋ? ಕಣ್ಣು ಮುಚ್ಚಿಕೊಂಡು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಜಿಗಿಯಿತು. ಮೊಲ ಪೊದೆಯೊಳಗೆ ಬಿತ್ತು, ಬಾಲ ಬಂಡೆಯ ಮೇಲೇ ಉಳಿಯಿತು. ತೋಳ ಅದನ್ನು ಮೂಸಿ ನೋಡಿ, ಮುಖ ಹಿಂಡಿಕೊಂಡು ಹೋಯಿತು.

ಮೊಲ ಬಿಕ್ಕುತ್ತಾ ಹತ್ತಿಗಿಡದ ಹತ್ತಿರ ಬಂತು. ಅಷ್ಟರಲ್ಲಿ ಹತ್ತಿಯೆಲ್ಲ ಮುಗಿದು, ಗಿಡದಲ್ಲಿ ಒಂದೇ ಒಂದು ಪುಟ್ಟ ಕಾಯಿ ಬಿರಿದು ನಿಂತಿತ್ತು.

"ಅಳಬೇಡ ಮಗಾ. ನಿನ್ನ ಉದ್ದ ಬಾಲಕ್ಕೆ ಈ ಒಂದು ಕಾಯಿ ಎಲ್ಲಿ ಸಾಲುತ್ತಿತ್ತು? ಈಗ ಉಳಿದಿರುವ ಮೋಟಿಗೆ ಸರಿಯಾಗಿದೆ ನೋಡು," ಅಂತ ಗಿಡ ಆ ಹತ್ತಿಯನ್ನು ಮೆತ್ತಗೆ ಅಂಟಿಸಿತು.

ಬಾಲ ಬೆಚ್ಚಗಾಯಿತು. ಮೊಲಕ್ಕೆ ಅವತ್ತು ರಾತ್ರಿ ಎಂಥ ನಿದ್ದೆ ಅಂತೀರಿ!

ಅದಕ್ಕೇ ಮಕ್ಕಳೇ, ಚಳಿಗಾಲದ ಬೆಳಿಗ್ಗೆ ಹೊಲದ ಬದುವಿನ ಮೇಲೆ ಮೊಲ ಓಡಿದರೆ ನೋಡಿ, ಆ ಪುಟ್ಟ ಬಿಳಿ ಬಾಲವನ್ನು ಮೇಲೆತ್ತಿಕೊಂಡೇ ಓಡುತ್ತದೆ, ಇದೂ ಎಲ್ಲಾದರೂ ಅಂಟಿಕೊಂಡೀತು ಅಂತ.