ತಲೆನೋವೆಂದು ಇಳಿದವಳು

"ಕಾಲ ಕೆಟ್ಟಿರುವಾಗಲೂ ಕನಸನ್ನು ಬಿಡದೆ ಇರುವುದು ತಪ್ಪೇ, ಗುರುಗಳೇ?" ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಬಸ್ ಚಾಲಕನಿಗೆ ರೋಹಿಣಿ ಎಂಬ ಮಗಳಿದ್ದಳು. ವಿಮಾನ ಹಾರಿಸಬೇಕೆಂಬುದೊಂದೇ ಅವಳ ಹಂಬಲ. ಅಪ್ಪ ಇದ್ದದ್ದನ್ನೆಲ್ಲ ಮಾರಿ ಅವಳನ್ನು ಹಾರಾಟದ ಶಾಲೆಗೆ ಸೇರಿಸಿದ. ಅವಳು ಸೇರಿದ ವರ್ಷವೇ ಕಾಲ ತಿರುಗಿತು. ವಿಮಾನ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಕೆಲಸದಲ್ಲಿದ್ದ ಪೈಲಟ್‌ಗಳೇ ಮನೆಗೆ ಬಂದು ಕೂತರು. ಊರಿನವರು "ಇನ್ನಾದರೂ ಮಗಳನ್ನು ಕರೆದುಕೊಂಡು ಬಾ" ಎಂದರು. ಅಪ್ಪ ಕರೆಯಲಿಲ್ಲ. ಮಗಳೂ ಬರಲಿಲ್ಲ.

ಶಾಲೆಯೂ ಸೊರಗುತ್ತಾ ಬಂತು. ಮೆಕ್ಯಾನಿಕ್‌ಗಳು ಬಿಟ್ಟು ಹೋದರು. ಕೊನೆಗೆ ಹಾರುವಂಥ ವಿಮಾನ ಒಂದೇ ಉಳಿಯಿತು. ಹುಡುಗ ಹುಡುಗಿಯರು ಅದಕ್ಕಾಗಿ ಸರದಿ ಕಾಯುತ್ತಿದ್ದರು. ರೋಹಿಣಿಯ ಕೋಣೆಯಲ್ಲೇ ಇದ್ದ ನೀಲಾ ಒಬ್ಬ ದರ್ಜಿಯ ಮಗಳು. ರೋಹಿಣಿಗಿಂತ ಚಿಕ್ಕವಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು.

ಒಂದು ಬೆಳಿಗ್ಗೆ ರೋಹಿಣಿ ಒಬ್ಬಳೇ ಹಾರಬೇಕಿತ್ತು. ನೆಲದ ಮೇಲೆಯೇ ಎಂಜಿನ್ ಪರೀಕ್ಷಿಸಿದಳು. ವೇಗ ಏರಿಸಿದಾಗ ಅದು ಉಸಿರುಕಟ್ಟಿದಂತೆ ಬಿಕ್ಕಿತು. ಮತ್ತೆ ಏರಿಸಿದಳು. ಮತ್ತೆ ಬಿಕ್ಕಿತು. ಇಳಿದು ಹೋಗಿ ತರಬೇತುದಾರನಿಗೆ ಹೇಳಿದಳು.

"ಹಳೇ ಎಂಜಿನ್, ಹಾಗೇ ಇರುತ್ತೆ" ಎಂದ ಆತ. "ಇದನ್ನು ದೊಡ್ಡದು ಮಾಡಿದರೆ ನಾಳೆಯೇ ಶಾಲೆಗೆ ಬೀಗ ಬೀಳುತ್ತೆ. ಅರ್ಧ ಕಲಿತವಳನ್ನು ಆಮೇಲೆ ಯಾರು ಸೇರಿಸಿಕೊಳ್ಳುತ್ತಾರೆ? ಯೋಚನೆ ಮಾಡು."

ರೋಹಿಣಿ ಯೋಚನೆ ಮಾಡಿದಳು. ಅಪ್ಪನ ಮುಖ ಕಣ್ಣೆದುರು ಬಂತು. "ನನಗೆ ತಲೆನೋವು ಸರ್. ಇವತ್ತು ಆಗುವುದಿಲ್ಲ" ಎಂದಳು. ತರಬೇತುದಾರ ಅವಳ ಮುಖ ನೋಡದೆ ಮುಂದಿನ ಸರದಿಯವರನ್ನು ಕರೆದ.

ಮುಂದಿನ ಸರದಿ ನೀಲಾಳದು. ತನ್ನ ಪಾಳಿ ಇಷ್ಟು ಬೇಗ ಬಂತೆಂದು ಅವಳು ಓಡಿಬಂದಳು. "ವಿಮಾನ ಸರಿ ಇದೆಯಾ ಅಕ್ಕಾ?" ಎಂದು ಕೇಳಿದಳು.

"ಸರಿ ಇದೆ. ನನಗೇ ತಲೆನೋವು."

ನೀಲಾ ಅವಳ ಹಣೆ ಮುಟ್ಟಿ ನೋಡಿದಳು. "ಹೋಗಿ ಮಲಗಿಕೋ. ಇಳಿದ ಮೇಲೆ ಮಾತ್ರೆ ತಂದುಕೊಡುತ್ತೇನೆ" ಎಂದು ಹೇಳಿ ವಿಮಾನ ಹತ್ತಿದಳು. ಅಕ್ಕನ ಮಾತು ಕೇಳಿದ್ದರಿಂದ ಪರೀಕ್ಷೆಯ ಹೊತ್ತಿಗೆ ಎಂಜಿನ್ ಬಿಕ್ಕಿದ್ದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಿಮಾನ ಮೇಲೇರಿ, ಆಚೆಯ ಸೂರ್ಯಕಾಂತಿ ಹೊಲದ ಮೇಲೆ ಹೋಗುವಷ್ಟರಲ್ಲಿ ಎಂಜಿನ್ ನಿಂತಿತು. ರೋಹಿಣಿ ಮಲಗಲು ಹೋಗಿರಲಿಲ್ಲ. ನಿಂತು ನೋಡುತ್ತಿದ್ದಳು.

ವಿಮಾನ ಬಿದ್ದದ್ದರ ವಿಚಾರಣೆಗೆ ಬಂದ ಅಧಿಕಾರಿಗಳು ಎಲ್ಲರನ್ನೂ ಕೇಳಿದರು. ರೋಹಿಣಿ "ನನಗೇನೂ ಗೊತ್ತಿಲ್ಲ" ಎಂದಳು. ಯಾವ ಶಾಲೆ ಉಳಿಯಲೆಂದು ಅವಳು ಬಾಯಿ ಬಿಡಲಿಲ್ಲವೋ, ಆ ಶಾಲೆಗೆ ಹೇಗೂ ಬೀಗ ಬಿತ್ತು.

ನೀಲಾಳ ತಾಯಿ ಮಗಳ ಬಟ್ಟೆಬರೆ ಒಯ್ಯಲು ಬಂದಳು. ಹೋಗುವಾಗ ರೋಹಿಣಿಯನ್ನು ಅಪ್ಪಿಕೊಂಡು, "ನೀನಾದರೂ ಹಾರು ತಾಯಿ. ನನ್ನ ಮಗಳ ಪಾಲಿನದನ್ನೂ ನೀನೇ ಹಾರು" ಎಂದಳು.

ಕಾಲ ಮತ್ತೆ ಸುಧಾರಿಸಿತು. ರೋಹಿಣಿ ಬೇರೆ ಕಡೆ ಕಲಿತು ಮುಗಿಸಿದಳು. ಈಗ ದೊಡ್ಡ ವಿಮಾನ ನಡೆಸುತ್ತಾಳೆ. ಇಷ್ಟು ಎಚ್ಚರದ ಪೈಲಟ್ ಇನ್ನೊಬ್ಬರಿಲ್ಲ ಎಂದು ಜೊತೆಯವರು ಹೊಗಳುತ್ತಾರೆ. ಹೊಗಳಿದಾಗ ಅವಳು ಎದ್ದು ಹೊರಗೆ ಹೋಗುತ್ತಾಳೆ. ದರ್ಜಿಯ ಮನೆ ಇರುವ ಬೀದಿಗೆ ಇಂದಿಗೂ ಕಾಲಿಟ್ಟಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ವಿಮಾನ ಕೆಡಿಸಿದ್ದು ಅವಳಲ್ಲ, ನೀಲಾಳನ್ನು ಹತ್ತಿಸಿದ್ದೂ ಅವಳಲ್ಲ. ತನ್ನ ಕನಸನ್ನು ತಾನು ಉಳಿಸಿಕೊಂಡಳು, ಅಷ್ಟೇ ಅಲ್ಲವೇ?" ಎಂದ.

ಗುರುಗಳು ಹೇಳಿದರು: "ಆ ಮಾತನ್ನು ಅವಳೂ ದಿನವೂ ತನಗೆ ಹೇಳಿಕೊಳ್ಳುತ್ತಾಳೆ, ಮಗು. ಅವಳಿಗೇ ಇನ್ನೂ ಅದನ್ನು ನಂಬಲಾಗಿಲ್ಲ."