ಹಾಡಿನ ನಡುವಿನ ಉಸಿರು

"ಗುರುಗಳೇ, ಮಕ್ಕಳಿಗೆ ಪಾಠ ಹೇಳುವುದು ನನಗೆ ಗೊತ್ತು. ಈಗ ಸುತ್ತಲಿನ ಊರುಗಳ ಸಂಗೀತ ಶಿಕ್ಷಕರಿಗೆ ದಾರಿ ತೋರಿಸು ಎಂದು ನನ್ನನ್ನು ಕಳಿಸುತ್ತಿದ್ದಾರೆ. ಕಲಿಸುವವರಿಗೆ ನಾನು ಏನನ್ನು ಕೊಡಲಿ, ಏನನ್ನು ನನ್ನಲ್ಲೇ ಉಳಿಸಿಕೊಳ್ಳಲಿ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಾಡುಗಾರನಿದ್ದ. ನಲವತ್ತು ವರ್ಷ ಪಾಠ ಹೇಳಿದವನು. ಅವನ ಬಳಿ ಕಲಿತವರ ಶ್ರುತಿ ಕದಲುವುದಿಲ್ಲ ಎಂದು ಜನ ಹೇಳುತ್ತಿದ್ದರು. ವಯಸ್ಸಾದ ಮೇಲೆ ಅವನು ಮಕ್ಕಳಿಗೆ ಹೇಳಿಕೊಡುವುದನ್ನು ಬಿಟ್ಟು, ಸಂಗೀತ ಶಿಕ್ಷಕರಿಗೆ ಹೇಳಿಕೊಡತೊಡಗಿದ.

ನದಿಯ ಆಚೆ ದಡದ ಊರಿನ ಶಾಲೆಯಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಕೆಲಸಕ್ಕೆ ಹೊಸಬಳು. ಅವಳ ಮಕ್ಕಳು ಬಾಯಿ ತುಂಬ ಹಾಡುತ್ತಿದ್ದರು, ಆದರೆ ಮೂವತ್ತು ಮಕ್ಕಳು ಮೂವತ್ತು ಶ್ರುತಿಯಲ್ಲಿ. ಇನ್ನೊಂದು ವರ್ಷ ಹೀಗೇ ಆದರೆ ಸಂಗೀತದ ಪಾಠವನ್ನೇ ನಿಲ್ಲಿಸುತ್ತೇವೆ ಎಂದು ಶಾಲೆಯವರು ಹೇಳಿಬಿಟ್ಟರು. ಅವಳು ಹಾಡುಗಾರನ ಮನೆಗೆ ಬಂದು ಸಹಾಯ ಕೇಳಿದಳು.

ಹಾಡುಗಾರ ಒಪ್ಪಿದ. "ನಾನು ಹೇಗೆ ಹಾಡುತ್ತೇನೋ ಹಾಗೇ ಹಾಡು. ಹೇಗೆ ಹೇಳಿಕೊಡುತ್ತೇನೋ ಹಾಗೇ ಹೇಳಿಕೊಡು. ಸ್ವಂತ ಬುದ್ಧಿ ಸದ್ಯಕ್ಕೆ ಪಕ್ಕಕ್ಕಿರಲಿ" ಎಂದ.

ನಾಲ್ಕು ತಿಂಗಳು, ಶನಿವಾರ ಶನಿವಾರ, ಅವನು ದೋಣಿ ಹತ್ತಿ ಹೋದ. ಶಿಕ್ಷಕಿ ಅವನು ಹೇಳಿದ್ದರಲ್ಲಿ ಎಳ್ಳಷ್ಟೂ ಬಿಡಲಿಲ್ಲ. ಮಕ್ಕಳ ಶ್ರುತಿ ನಿಂತಿತು. ಶಾಲೆಯವರು ಸುಮ್ಮನಾದರು. ಕೊನೆಯ ಶನಿವಾರ ಅವನು ಅವಳಿಗೆ ತನಗೆ ಪ್ರಿಯವಾದ ಒಂದು ಹಾಡು ಕಲಿಸಿ, ಬೇರೆ ಊರುಗಳ ಕಡೆ ಹೊರಟ. ಮಾಡಿದ ಕೆಲಸ ಚೆನ್ನಾಗಿ ಆಯಿತು ಎಂಬ ಸಮಾಧಾನ ಅವನಿಗಿತ್ತು.

ಮಾರನೆಯ ವರ್ಷ ಶಿಕ್ಷಕಿ ಹೇಳಿಕಳಿಸಿದಳು: ಮಕ್ಕಳು ನಿಮ್ಮ ಹಾಡು ಕಲಿತಿದ್ದಾರೆ, ಬಂದು ಕೇಳಬೇಕು. ಅವನು ಹೋದ. ಮಕ್ಕಳು ಸಾಲಾಗಿ ಕೂತು ಹಾಡಿದರು. 'ಬಾರದಿರುವೆಯೇಕೆ' ಎಂದು ಪಲ್ಲವಿ. ಮಕ್ಕಳು 'ಬಾ' ಎಂದರು. ಅಲ್ಲಿ ನಿಂತು ಉಸಿರು ತೆಗೆದುಕೊಂಡರು. ಆಮೇಲೆ 'ರದಿರುವೆಯೇಕೆ' ಎಂದರು.

ಯಾವುದೋ ಒಂದು ಮಗು ತಪ್ಪಿತು ಎಂದುಕೊಂಡ ಹಾಡುಗಾರ. ಪಲ್ಲವಿ ಮತ್ತೆ ಬಂತು. ಮೂವತ್ತು ಮಕ್ಕಳೂ ಒಟ್ಟಿಗೆ, ಅದೇ ಜಾಗದಲ್ಲಿ, ಒಂದು ಪದವನ್ನು ಎರಡು ಮಾಡಿ ಉಸಿರೆಳೆದರು.

"ಇದನ್ನು ಯಾರು ಹೇಳಿಕೊಟ್ಟರು?" ಎಂದ.

"ನೀವೇ, ಗುರುಗಳೇ" ಎಂದಳು ಶಿಕ್ಷಕಿ.

ಅವನು ಇಲ್ಲವೆನ್ನಲು ಹೊರಟು, ತಾನೇ ಒಮ್ಮೆ ಪಲ್ಲವಿ ಎತ್ತಿಕೊಂಡ. 'ಬಾ' ಎನ್ನುತ್ತಲೇ ಎದೆ ಕಟ್ಟಿತು. ಉಸಿರು ತೆಗೆದುಕೊಂಡ. ಹತ್ತು ವರ್ಷದಿಂದ ಅವನಿಗೆ ಉಬ್ಬಸವಿತ್ತು. ಅದರ ಜೊತೆ ಬಾಳಿ ಬಾಳಿ, ಹಾಡುವಾಗ ಎಲ್ಲಿ ನಿಲ್ಲುತ್ತೇನೆ ಎಂಬುದು ಅವನ ಗಮನಕ್ಕೇ ಬರುತ್ತಿರಲಿಲ್ಲ.

ಅವನಿಗೆ ನಗು ಬಂತು. "ಅದು ಸಂಗೀತವಲ್ಲಮ್ಮ, ಅದು ನನ್ನ ಉಬ್ಬಸ. ತೆಗೆದುಹಾಕು" ಎಂದ.

ಶಿಕ್ಷಕಿ ನಗಲಿಲ್ಲ. "ಅಲ್ಲೇಕೆ ಉಸಿರು ಎಂದು ಮಕ್ಕಳು ಕೇಳಿದರು. ನಾನು ಒಂದು ವಾರ ಯೋಚನೆ ಮಾಡಿದೆ. ಮೊದಲು 'ಬಾ' ಎಂದು ಕರೆಯಬೇಕು, ಬರುತ್ತಾರೇನೋ ಎಂದು ಕಾಯಬೇಕು, ಬರದೇ ಹೋದಾಗ ತಾನೇ ಏಕೆ ಬರಲಿಲ್ಲ ಎಂದು ಕೇಳುವುದು, ಅದಕ್ಕೇ ಅಲ್ಲಿ ನಿಲ್ಲುತ್ತಾರೆ ಎಂದು ಹೇಳಿದೆ. ಅಂದಿನಿಂದ ಮಕ್ಕಳು ಈ ಹಾಡನ್ನು ಮನಸ್ಸಿಟ್ಟು ಹಾಡುತ್ತಿದ್ದಾರೆ."

ಹಾಡುಗಾರ ಮಕ್ಕಳ ಕಡೆ ತಿರುಗಿದ. ಒಬ್ಬ ಹುಡುಗಿಯನ್ನು ಎಬ್ಬಿಸಿ, ನಿಲ್ಲದೆ ಹಾಡು ಎಂದ. ಹಾಡಿದಳು. ಎಲ್ಲೂ ತಪ್ಪಿರಲಿಲ್ಲ. ಆಮೇಲೆ, ಮೊದಲಿನಂತೆ ನಿಂತು ಹಾಡು ಎಂದ. ಹುಡುಗಿ 'ಬಾ' ಎಂದು ನಿಂತಳು. ಆ ಮೌನದಲ್ಲಿ ಅವನು ತನಗೆ ತಿಳಿಯದೆಯೇ ಬಾಗಿಲ ಕಡೆ ನೋಡಿದ. ನೋಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಗುರುಗಳೇ, ಇದು ನಿಮ್ಮ ಕಾಯಿಲೆ ಎಂದಿರಿ" ಎಂದಳು ಶಿಕ್ಷಕಿ. "ಸ್ವಂತ ಬುದ್ಧಿ ಪಕ್ಕಕ್ಕಿಡು ಎಂದಿದ್ದಿರಿ, ಇಟ್ಟೆ. ನೀವು ಕೊಟ್ಟ ಉಳಿದದ್ದರಲ್ಲಿ ಸಂಗೀತ ಯಾವುದು, ಕಾಯಿಲೆ ಯಾವುದು? ನಾನು ಹೇಗೆ ತಿಳಿಯಲಿ?"

ಮುಂದಿನ ಶನಿವಾರ ಹೇಳುತ್ತೇನೆ ಎಂದು ಅವನು ಎದ್ದು ಬಂದ.

ದೋಣಿಯಲ್ಲಿ ಕೂತಾಗ ಅವನಿಗೆ ತನ್ನ ಗುರುವಿನ ನೆನಪಾಯಿತು. ಗಾಂಧಾರ ಸ್ವರದ ಮೇಲೆ ಹಾಡುಗಾರನದೊಂದು ಕಂಪನವಿತ್ತು. ಕೇಳಿದವರು ತಲೆದೂಗುತ್ತಿದ್ದರು. ನೂರಾರು ಮಂದಿಗೆ ಅವನು ಅದನ್ನು ಹೇಳಿಕೊಟ್ಟಿದ್ದ. ಅದು ಗುರುವಿನಿಂದ ಬಂದದ್ದು. ಆದರೆ ಅವನು ಕಲಿಯಲು ಹೋದಾಗ ಗುರುವಿಗೆ ಎಪ್ಪತ್ತು ದಾಟಿತ್ತು. ನೀರಿನ ಲೋಟ ಎತ್ತಿದರೆ ಅರ್ಧ ನೀರು ಚೆಲ್ಲುವಷ್ಟು ಕೈ ನಡುಗುತ್ತಿತ್ತು. ಗಂಟಲು?

ಆ ವಾರ ಅವನು ಒಂದು ಹಾಡನ್ನೂ ಪೂರ್ತಿ ಹಾಡಲಿಲ್ಲ. ಬೆಳಿಗ್ಗೆ ಗಾಂಧಾರವನ್ನು ಅಲುಗಿಸದೆ ಹಾಡಿ ನೋಡುವನು, ಬೋಳು ಎನಿಸುವುದು. ಅಲುಗಿಸಿ ಹಾಡುವನು, ಮುದುಕನನ್ನು ಅಣಕಿಸಿದಂತೆ ಎನಿಸುವುದು. ಊಟಕ್ಕೆ ಕೂತರೂ ಅದೇ ಯೋಚನೆ.

ಅದೇ ಗುರುವಿನ ಬಳಿ ಅವನಿಗಿಂತ ಇಪ್ಪತ್ತು ವರ್ಷ ಮೊದಲು ಕಲಿತ ಒಬ್ಬ ಮುದುಕಿ ಇನ್ನೂ ಬದುಕಿದ್ದಳು. ಗುರು ಗಟ್ಟಿಮುಟ್ಟಾಗಿದ್ದ ಕಾಲವನ್ನು ಕಂಡವಳು ಅವಳೊಬ್ಬಳೇ. ಗುರುವಾರ ಅವಳ ಮನೆಗೆ ಹೋಗಿ, "ಅಕ್ಕಾ, ಗಾಂಧಾರ ಒಮ್ಮೆ ಹಾಡಿ" ಎಂದ.

ಅವಳು ಹಾಡಿದಳು. ಸ್ವರ ಸ್ವಲ್ಪವೂ ಅಲುಗದೆ ನಿಂತಿತು.

"ಹಾಗಾದರೆ ನಾನು ಕಲಿತ ಕಂಪನ ಗುರುಗಳ ಮುಪ್ಪಿನದು" ಎಂದ.

"ಇರಬಹುದು" ಎಂದಳು ಮುದುಕಿ. "ಆದರೆ ನಾನು ಹೀಗೆ ಹಾಡಿದಾಗಲೆಲ್ಲ ಅವರು, ಇದರಲ್ಲಿ ಏನೋ ಸಾಲದು, ಏನೆಂದು ನನಗೂ ಇನ್ನೂ ಸಿಕ್ಕಿಲ್ಲ ಅನ್ನುತ್ತಿದ್ದರು. ಆಮೇಲೆ ಸಿಕ್ಕಿತೋ, ಬರೀ ಗಂಟಲು ನಡುಗಿತೋ, ನನಗೇನು ಗೊತ್ತಪ್ಪಾ?"

ಅವನು ಹೋದಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತುಕೊಂಡು ಹಿಂದಿರುಗಿದ.

ಶನಿವಾರ ಬಂತು. ಏನಾದರೊಂದು ಹೇಳಿ ಮುಗಿಸಿಬಿಡಬಹುದಿತ್ತು. ಅವನು ಏನು ಹೇಳಿದರೂ ಶಿಕ್ಷಕಿ ನಂಬುತ್ತಿದ್ದಳು, ಅವಳು ನಂಬಿದ್ದನ್ನು ಮೂವತ್ತು ಮಕ್ಕಳು ಹಾಡುತ್ತಿದ್ದರು. ದೋಣಿಯಿಂದ ಇಳಿದು ದಡದಲ್ಲೇ ಎರಡು ಸಲ ಹಿಂದಿರುಗಲು ನೋಡಿದ. ಕೊನೆಗೆ ಶಾಲೆಗೆ ಹೋಗಿ, ಶಿಕ್ಷಕಿಯ ಎದುರು ಕೂತು, "ನನಗೆ ಗೊತ್ತಿಲ್ಲಮ್ಮ" ಎಂದ.

"ಇಷ್ಟು ಹೇಳಲು ನದಿ ದಾಟಿ ಬಂದಿರಾ?" ಎಂದಳು ಅವಳು. ಅವಳಿಗೆ ಅಳು ಬರುವಂತಾಗಿತ್ತು. ಗುರುವಿಗೇ ಗೊತ್ತಿಲ್ಲದಿದ್ದರೆ ತಾನು ಮಕ್ಕಳ ಮುಂದೆ ಹೇಗೆ ನಿಲ್ಲುವುದು?

"ಹೌದು. ಗೊತ್ತಿದೆ ಎಂದು ಹೇಳಿ ಹೋಗಲು ಮನಸ್ಸು ಬರಲಿಲ್ಲ" ಎಂದ ಹಾಡುಗಾರ.

ಆ ದಿನದಿಂದ ಅವರಿಬ್ಬರೂ ಒಂದೊಂದೇ ಹಾಡನ್ನು ಎತ್ತಿಕೊಂಡು ಹಾಡಿ ನೋಡತೊಡಗಿದರು. ಅವನು ಒಂದು ರೀತಿ, ಅವಳು ಇನ್ನೊಂದು ರೀತಿ. ಕೆಲವು ಕಡೆ ಉಬ್ಬಸ ಕಂಡಿತು, ಬಿಟ್ಟರು. ಕೆಲವು ಕಡೆ ಏನೆಂದು ತಿಳಿಯಲಿಲ್ಲ. ವಾದ ಮಾಡಿದರು. ಮುನಿಸಿಕೊಂಡು ಒಂದು ಶನಿವಾರ ಅವನು ಹೋಗಲೇ ಇಲ್ಲ. 'ಬಾ' ಎಂದು ನಿಲ್ಲುವುದನ್ನು ಅವಳು ಬಿಡಲಿಲ್ಲ, ಅವನು ಒಪ್ಪಲಿಲ್ಲ. ಗಾಂಧಾರವನ್ನು ಅವನು ಕೊನೆಯವರೆಗೂ ಒಂದು ದಿನ ಅಲುಗಿಸಿ ಹಾಡಿದ, ಒಂದು ದಿನ ಅಲುಗಿಸದೆ ಹಾಡಿದ. ಬೇರೆ ಊರುಗಳ ಶಿಕ್ಷಕರು, ಮುದುಕನಿಗೆ ಈಗ ಯಾವುದೂ ನಿಶ್ಚಯವಿಲ್ಲ ಎಂದು ಅವನನ್ನು ಕರೆಯುವುದನ್ನು ಬಿಟ್ಟರು. ಆ ಶಿಕ್ಷಕಿ ಮಾತ್ರ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖದಲ್ಲಿ ಗೊಂದಲ ಹಾಗೇ ಇತ್ತು. "ಹಾಗಾದರೆ ಸಂಗೀತ ಯಾವುದು, ಕಾಯಿಲೆ ಯಾವುದು ಎಂದು ಕೊನೆಗೂ ಯಾರಿಗೂ ತಿಳಿಯಲಿಲ್ಲವೇ? ನಾಳೆ ನಾನು ಶಿಕ್ಷಕರ ಮುಂದೆ ಏನನ್ನು ಇಡಲಿ?" ಎಂದ.

ಗುರುಗಳು ಅವನನ್ನೇ ನೋಡುತ್ತಾ ಹೇಳಿದರು: "ಸಂಗೀತ ಯಾವುದು, ಕಾಯಿಲೆ ಯಾವುದು ಎಂದು ತನ್ನ ಗುರುವನ್ನು ಕೇಳಲು ಅವಳಿಗೆ ಒಂದು ವರ್ಷ ಸಾಕಾಯಿತು; ನೀನು ನನ್ನ ಬಳಿ ಹನ್ನೆರಡು ವರ್ಷದಿಂದ ಇದ್ದೀಯ."