ಒಲೆ ಒಡೆದ ಮೇಲೆ ಕೇಳಿದ ಸಾವ್ಕಾರ

ದಾವಣಗೆರೆಯಲ್ಲಿ ಕೊಟ್ರಬಸಪ್ಪ ಎಂಬ ಸಾವ್ಕಾರನ ಮಂಡಕ್ಕಿ ಭಟ್ಟಿ ಇತ್ತು. ಹತ್ತು ಒಲೆ. ಒಂದೊಂದು ಒಲೆಗೆ ಒಂದೊಂದು ಮನೆಯವರು. ಗಂಡ ಬೆಂಕಿ ನೋಡಿದರೆ ಹೆಂಡತಿ ಮಂಡಕ್ಕಿ ಹುರಿಯುವಳು. ಭಟ್ಟಿಯ ಹಿತ್ತಿಲಲ್ಲೇ ಅವರ ತಗಡಿನ ಮನೆಗಳು. ಕೆಲಸ ಹೋದರೆ ಸೂರೂ ಹೋದಂತೆ.

ಅವರಲ್ಲಿ ಹಿರಿಯ ದಾದಾಪೀರ. ಹೆಂಡತಿ ತೀರಿಕೊಂಡ ಮೇಲೆ ತಂಗಿ ಬೂಬಮ್ಮನ ಜೊತೆ ಒಲೆ ನಡೆಸುತ್ತಿದ್ದ.

ಖರ್ಚು ಏರಿತ್ತು. ಸಾವ್ಕಾರನಿಗೆ ಮಂಡಕ್ಕಿ ಹುರಿಯುವ ಯಂತ್ರ ತರುವ ಮನಸ್ಸಾಯಿತು. ಅದರಲ್ಲಿ ತಪ್ಪೇನಿಲ್ಲ. ಬೀಗರನ್ನು ಕೇಳಿದ. ಯಂತ್ರ ಮಾರುವವನನ್ನು ಕೇಳಿದ. ಒಳ್ಳೇ ದಿನ ಯಾವುದೆಂದು ಐನೋರನ್ನು ಕೇಳಿದ. "ಆಷಾಢ ಬರೋದ್ರೊಳಗೆ ಪೂಜೆ ಮುಗಿಸ್ರಿ" ಅಂದರು ಐನೋರು. ಅಷ್ಟೇ ಸಾಕಾಯಿತು. ಓಡಾಟ ಶುರುವಾಯಿತು.

ಭಟ್ಟಿಯವರೆಲ್ಲ ಹರಿಹರಕ್ಕೆ ಒಂದು ಮದುವೆಗೆ ಹೋಗಿದ್ದರು. ತಿರುಗಿ ಬಂದು ನೋಡಿದರೆ ಹತ್ತೂ ಒಲೆ ಮಣ್ಣಿನ ಗುಡ್ಡೆ. ಆ ಜಾಗದಲ್ಲಿ ಯಂತ್ರ, ಅದಕ್ಕೊಂದು ಹೂವಿನ ಹಾರ. ಸಾವ್ಕಾರ ಎಲ್ಲರಿಗೂ ಪೇಡೆ ಕೊಟ್ಟು ಕೂರಿಸಿದ.

"ಇನ್ಮೇಲೆ ಎರಡು ಮನೆಯವ್ರು ಸಾಕು. ಉಳಿದವ್ರು ಬೇರೆ ಕಡೆ ನೋಡ್ಕೊಳ್ರಿ. ಆದ್ರೂ ನಿಮ್ಮನ್ನ ಕೇಳದೆ ನಾನು ಏನೂ ಮಾಡಂಗಿಲ್ಲ. ಏನಂತೀರಿ? ಬಾಯಿಬಿಟ್ಟು ಹೇಳ್ರಿ."

"ಪೇಡೆ ಚಲೋ ಐತ್ರಿ" ಅಂದಳು ಬೂಬಮ್ಮ. ಯಾರೂ ನಗಲಿಲ್ಲ.

ದಾದಾಪೀರನಿಗೆ ರೇಗಿಹೋಯಿತು.

"ಒಲೆ ಒಡೆದು ಏನು ಕೇಳ್ತೀರಿ ಸಾವ್ಕಾರ್ರೆ? ಮಳೆಗಾಲದಾಗ ಭತ್ತ ಒಣಗಂಗಿಲ್ಲ. ಯಾವ ಭಟ್ಟಿಯವ್ರೂ ಹೊಸಬರನ್ನ ತಗೊಳ್ಳಂಗಿಲ್ಲ. ದಸರಾ ತನಕ ತಡೀರಿ ಅಂತಿದ್ವಿ. ಅಷ್ಟ್ರಾಗ ಒಬ್ಬೊಬ್ರೇ ಜಾಗ ಹುಡುಕ್ಕೊತಿದ್ವಿ. ನಾಲ್ಕು ಒಲೆ ಉಳಿಸಿದ್ರೆ ವಾರ ಬಿಟ್ಟು ವಾರ ಹಂಚ್ಕೊಂಡು ದುಡೀತಿದ್ವಿ."

ಸಾವ್ಕಾರ ಮಣ್ಣಿನ ಗುಡ್ಡೆ ಕಡೆ ನೋಡಿದ. ಮಾತು ಸರಿ ಅನ್ನಿಸಿತು. ಅನ್ನಿಸಿದ್ದಕ್ಕೇ ಸಿಟ್ಟು ಬಂತು.

"ಇಷ್ಟೆಲ್ಲಾ ಗೊತ್ತಿದ್ರೆ ಮೊದ್ಲೇ ಹೇಳಾಕ ಏನಾಗಿತ್ತಪ್ಪ ನಿಂಗೆ?"

ದಾದಾಪೀರ ಹಣೆ ಚಚ್ಚಿಕೊಂಡ.

"ಒಲೆ ಒಡೆಯಾಕ ಒಳ್ಳೇ ದಿನ ಯಾವ್ದು ಅಂತ ಐನೋರ ಮನೀಗೆ ಹೋಗಿ ಕೇಳಿ ಬಂದ್ರಿ. ಒಲೆ ಮುಂದೆ ಬೆಂದೋರು ಇಲ್ಲೇ ಹಿತ್ತಲದಾಗ ಇದ್ವಿ. ನಮ್ಮನ್ನ ಯಾವಾಗ ಕೇಳಿದ್ರಿ?"

ಸಾವ್ಕಾರ ಎದ್ದು ಹೋಗಿ ಯಂತ್ರದ ಹಾರ ಸರಿಮಾಡಿದ. ಏನು ಹೇಳಿದ್ದರೂ ಒಡೆದ ಒಲೆ ಕೂಡುತ್ತಿರಲಿಲ್ಲ.

ಆಷಾಢದ ಮಳೆಯಲ್ಲಿ ಎಂಟು ಮನೆಯವರು ಪಾತ್ರೆ ಪಡಗ ಹೊತ್ತು ಹೊರಟರು. ಎಲ್ಲಿಗೆ ಅಂತ ಅವರಿಗೇ ಗೊತ್ತಿರಲಿಲ್ಲ. ದಾದಾಪೀರನೂ ಬೂಬಮ್ಮನೂ ಅವರಲ್ಲಿದ್ದರು.

ನೀತಿ: ದುಡಿಯುವವರನ್ನು ಕೆಲಸದಿಂದ ಬಿಡಿಸಲೇಬೇಕಾದ ಕಾಲ ಬಂದರೆ, ಇನ್ನೂ ಏನಾದರೂ ಬದಲಾಯಿಸಲು ಆಗುವಾಗಲೇ ಅವರನ್ನು ಕೂರಿಸಿ ಕೇಳಬೇಕು, ಅವರ ಮಾತಿಗೆ ಕಿವಿಗೊಡಬೇಕು. ಎಲ್ಲ ಮುಗಿಸಿದ ಮೇಲೆ ಎಷ್ಟು ಕೇಳಿದರೂ ಅದು ಅಣಕವೇ.